ಪೆಪ್ಪರ್‌ಮಿಂಟ್: ಎಲೆ, ಎಣ್ಣೆ, ಹರಳು – ಯಾವುದು ಯಾವುದಕ್ಕೆ, ಎಷ್ಟು, ಹೇಗೆ

ಮುಂಬೈಯ ದಾದರ್‌ನಲ್ಲಿ ಕೇಳಿ, ಪುಣೆಯ ಮಂಡಈಯಲ್ಲಿ ಕೇಳಿ, ಗೋವಾದ ಮಾಪ್ಸಾ ಸಂತೆಯಲ್ಲಿ ಕೇಳಿ, ಕೈಗೆ ಬರುವ ಪುದೀನಾ ಜುಡಿ ಸಾಮಾನ್ಯವಾಗಿ ಪೆಪ್ಪರ್‌ಮಿಂಟ್ ಆಗಿರುವುದಿಲ್ಲ. ಅದು ಸ್ಪಿಯರ್‌ಮಿಂಟ್. ಅದರ ಘಮ ಕಾರ್ವೋನ್ ಎಂಬ ಅಂಶದ್ದು. ಪೆಪ್ಪರ್‌ಮಿಂಟ್‌ನ ಜೀವಾಳವೇ ಬೇರೆ: ತಂಪು ತರುವ ಮೆಂಥಾಲ್. ಚಟ್ನಿ, ಪಲಾವುಗಳಿಗೆ ಸ್ಪಿಯರ್‌ಮಿಂಟೇ ಸರಿ. ಆದರೆ ಪೆಪ್ಪರ್‌ಮಿಂಟ್ ಹೊಟ್ಟೆಗೆ ಒಳ್ಳೆಯದು, ತಲೆನೋವಿಗೆ ಒಳ್ಳೆಯದು ಎಂದು ಓದಿ ಸಂತೆಯ ಜುಡಿಯನ್ನು ಕುದಿಸಿ ಕುಡಿದರೆ ಅದೇ ಫಲ ಸಿಗುವುದಿಲ್ಲ.

ಮೂರನೆಯ ಗಿಡವೊಂದಿದೆ, ಗೊಂದಲವನ್ನು ಹೆಚ್ಚಿಸುವುದೇ ಅದು. ಉತ್ತರ ಪ್ರದೇಶದ ಬಾರಾಬಂಕಿ, ರಾಮ್‌ಪುರ, ಸಂಭಲ್ ಕಡೆ ಹೊಲಗಟ್ಟಲೆ ಬೆಳೆಯುವ ಮೆಂಥಾ ಆರ್ವೆನ್ಸಿಸ್. ಮುಂಬೈಯ ಮಲ್ಟಿ ಕಮಾಡಿಟಿ ಎಕ್ಸ್‌ಚೇಂಜ್‌ನಲ್ಲಿ 'ಮೆಂಥಾ ಆಯಿಲ್' ಹೆಸರಿನಲ್ಲಿ ವಹಿವಾಟಾಗುವುದು ಇದರ ಎಣ್ಣೆ. ಇದರಲ್ಲಿ ಮೆಂಥಾಲ್ ಶೇ. 70ಕ್ಕೂ ಮೀರಿ ಇರುತ್ತದೆ. ಪೆಪ್ಪರ್‌ಮಿಂಟ್ ಎಣ್ಣೆಯಲ್ಲಿ ಸುಮಾರು ಶೇ. 30ರಿಂದ 55. ಅಂಗಡಿಯಲ್ಲಿ ಸಿಗುವ ಮೆಂಥಾಲ್ ಹರಳು ಬಹುಮಟ್ಟಿಗೆ ಈ ಆರ್ವೆನ್ಸಿಸ್‌ನಿಂದ ಬಂದದ್ದು.

ಮೊದಲು ಬಲಾಬಲ ತಿಳಿಯಿರಿ

ಎಲೆ, ಎಣ್ಣೆ, ಹರಳು – ಈ ಮೂರೂ ಒಂದೇ ಔಷಧಿಯ ಮೂರು ರೂಪಗಳೆಂದು ಭಾವಿಸುವುದರಿಂದಲೇ ಹೆಚ್ಚಿನ ಅನಾಹುತಗಳು ಆಗುವುದು. ಲೆಕ್ಕ ಹಾಕಿ ನೋಡಿ. ಯುರೋಪಿನ ಔಷಧಕೋಶದ ಪ್ರಕಾರ ಒಳ್ಳೆಯ ಒಣ ಪೆಪ್ಪರ್‌ಮಿಂಟ್ ಎಲೆಯ ಒಂದು ಕಿಲೋದಲ್ಲಿ ಕನಿಷ್ಠ 12 ಮಿಲಿ ಎಣ್ಣೆ ಇರಬೇಕು. ಹಾಗಾದರೆ 0.2 ಮಿಲಿ ಎಣ್ಣೆ, ಅಂದರೆ ನಾಲ್ಕೇ ಹನಿ, ಸುಮಾರು 17 ಗ್ರಾಂ ಒಣ ಎಲೆಗೆ ಸಮ. ಒಂದು ಲೋಟ ಕಷಾಯಕ್ಕೆ ಹಾಕುವುದು 1.5 ಗ್ರಾಂ ಎಲೆ, ಅದರ ಎಣ್ಣೆಯೂ ಪೂರ್ತಿ ನೀರಿಗೆ ಇಳಿಯುವುದಿಲ್ಲ. ನಾಲ್ಕು ಹನಿಯಲ್ಲಿ ಹತ್ತು ಲೋಟ ಕಷಾಯಕ್ಕಿಂತ ಹೆಚ್ಚಿನ ಬಲವಿದೆ ಎಂದಾಯಿತು. ಹರಳಂತೂ ಶುದ್ಧ ಮೆಂಥಾಲ್.

ಆದ್ದರಿಂದ ಎಲೆ ಅಡುಗೆಮನೆಗೆ, ಎಣ್ಣೆ ಅಳತೆ ಹಿಡಿದು ಮಾತ್ರ, ಹರಳನ್ನು ಹೊಟ್ಟೆಗೆ ತೆಗೆದುಕೊಳ್ಳುವುದೇ ಬೇಡ. ಗ್ರಂಧಿಗೆ ಅಂಗಡಿಗಳಲ್ಲಿ ಪುದೀನಾ ಹೂ (ಇದೇ ಮೆಂಥಾಲ್ ಹರಳು), ಓಮದ ಹೂ, ಕರ್ಪೂರ ಮೂರನ್ನೂ ಕೊಂಡು ಬಾಟಲಿಯಲ್ಲಿ ಬೆರೆಸಿಟ್ಟು, ನೀರಾದ ಮೇಲೆ ಹೊಟ್ಟೆನೋವಿಗೆ ಹನಿ ಹನಿ ಕುಡಿಯುವ ಪದ್ಧತಿ ಹಲವು ಮನೆಗಳಲ್ಲಿದೆ. ಕರ್ಪೂರ ಹೊಟ್ಟೆಗೆ ಹೋದರೆ, ಅದರಲ್ಲೂ ಮಕ್ಕಳಲ್ಲಿ, ಸೆಳವು ಬರಬಹುದು. ಹಿರಿಯರು ಮಾಡುತ್ತಿದ್ದರು ಎಂಬ ಕಾರಣಕ್ಕೆ ಇದನ್ನು ಮುಂದುವರಿಸಬೇಡಿ.

ನಿಜವಾದ ಗಿಡವನ್ನು ಗುರುತಿಸುವುದು

ಪೆಪ್ಪರ್‌ಮಿಂಟ್ ಒಂದು ಮಿಶ್ರತಳಿ. ನೀರುಪುದೀನ ಮತ್ತು ಸ್ಪಿಯರ್‌ಮಿಂಟ್ ಕೂಡಿ ಹುಟ್ಟಿದ್ದು. 1696ರಲ್ಲಿ ಇಂಗ್ಲೆಂಡಿನ ಜಾನ್ ರೇ ಇದನ್ನು ಬೇರೆ ಗಿಡವೆಂದು ವಿವರಿಸಿದ, 1753ರಲ್ಲಿ ಲಿನ್ನೇಯಸ್ ಮೆಂಥಾ ಪೈಪರೀಟಾ ಎಂಬ ಹೆಸರು ಕೊಟ್ಟ. ಮಿಶ್ರತಳಿಯಾದ್ದರಿಂದ ಇದಕ್ಕೆ ಮೊಳೆಯುವ ಬೀಜವಾಗುವುದಿಲ್ಲ. ಆನ್‌ಲೈನ್‌ನಲ್ಲಿ 'ಪೆಪ್ಪರ್‌ಮಿಂಟ್ ಬೀಜ' ಎಂದು ಮಾರುವ ಪೊಟ್ಟಣಕ್ಕೆ ಹಣ ಹಾಕಬೇಡಿ, ಅದರಿಂದ ಹುಟ್ಟುವುದು ಬೇರೆ ಯಾವುದೋ ಪುದೀನ.

ನರ್ಸರಿಯಲ್ಲಿ ಕೈಗೆತ್ತಿಕೊಂಡಾಗ ನೋಡಬೇಕಾದದ್ದು: ಕಾಂಡದಲ್ಲಿ ನೇರಳೆ ಛಾಯೆ, ಎಲೆಗೆ ಸ್ಪಷ್ಟವಾಗಿ ಕಾಣುವ ತೊಟ್ಟು, ಕಡುಹಸಿರು ಬಣ್ಣ. ಸ್ಪಿಯರ್‌ಮಿಂಟ್‌ನ ಎಲೆ ತಿಳಿಹಸಿರು, ಸುಕ್ಕುಸುಕ್ಕು, ತೊಟ್ಟು ಇಲ್ಲವೆನ್ನುವಷ್ಟು ಗಿಡ್ಡ, ಕಾಂಡಕ್ಕೇ ಅಂಟಿದಂತಿರುತ್ತದೆ. ಕೊನೆಯ ಪರೀಕ್ಷೆ ನಾಲಿಗೆಯದು. ಒಂದು ಎಲೆ ಅಗಿದು, ಬಾಯಿಂದ ಉಸಿರೆಳೆದುಕೊಳ್ಳಿ. ಗಂಟಲವರೆಗೆ ತಣ್ಣನೆ ಇಳಿದರೆ ಪೆಪ್ಪರ್‌ಮಿಂಟ್. ಸಿಹಿಘಮ ಮಾತ್ರ ಬಂದು ತಂಪು ಬಾರದಿದ್ದರೆ ಅಲ್ಲ.

ಮುಂಬೈಯಲ್ಲಿ ಭಾಯಖಳಾದ ರಾಣಿಬಾಗ್‌ನಲ್ಲಿಯೂ ಪುಣೆಯ ಎಂಪ್ರೆಸ್ ಗಾರ್ಡನ್‌ನಲ್ಲಿಯೂ ವರ್ಷಾರಂಭದ ಸುಮಾರಿಗೆ ಪುಷ್ಪಪ್ರದರ್ಶನ ನಡೆಯುತ್ತದೆ. ಗಿಡ ಬಲ್ಲವರನ್ನು ಕೇಳಿ ತಿಳಿಯಲು ಅದು ಒಳ್ಳೆಯ ಸಮಯ, ನೆಡಲೂ ಚಳಿಗಾಲವೇ ಒಳ್ಳೆಯದು.

ಕಿಟಕಿಯ ಗ್ರಿಲ್‌ನಲ್ಲಿ ಬೆಳೆಸುವ ಕ್ರಮ

ಇದು ತಂಪು ಸೀಮೆಯ ಗಿಡ. ಹತ್ತು ಡಿಗ್ರಿವರೆಗೆ ಇಳಿಯುವ ಪುಣೆಯ ಚಳಿ ಇದಕ್ಕೆ ಹಬ್ಬ. ಮುಂಬೈ, ಗೋವಾಗಳಲ್ಲಿ ಇದನ್ನು ಎರಡು ಗಂಡಾಂತರಗಳಿಂದ ದಾಟಿಸಬೇಕು: ಏಪ್ರಿಲ್-ಮೇ ತಿಂಗಳ ಪಶ್ಚಿಮದ ಬಿಸಿಲು, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ. ಅಕ್ಟೋಬರ್ ಬಿಸಿ ತಗ್ಗಿದ ಮೇಲೆ ನೆಟ್ಟರೆ ನಾಲ್ಕೈದು ತಿಂಗಳು ಸಮೃದ್ಧಿಯಾಗಿ ಎಲೆ ಕೊಯ್ಯಬಹುದು.

ಕುಂಡ ಆಳಕ್ಕಿಂತ ಅಗಲ ಇರಲಿ: 12 ಇಂಚು ಅಗಲ, 8 ಇಂಚು ಆಳ ಸಾಕು. ಬೇರುಕಾಂಡ ಅಡ್ಡಡ್ಡ ಹರಿಯುತ್ತದೆ. ನರ್ಸರಿಗಳಲ್ಲಿ ಮೂಟೆ ಕಟ್ಟಿ ಮಾರುವ ಕೊಂಕಣದ ಕೆಂಪುಮಣ್ಣನ್ನು ಒಂದನ್ನೇ ತುಂಬಿದರೆ ಎರಡು ತಿಂಗಳಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ, ನೀರು ಮೇಲೆಯೇ ನಿಲ್ಲುತ್ತದೆ. ಎರಡು ಪಾಲು ಮಣ್ಣಿಗೆ ಒಂದು ಪಾಲು ಕೋಕೋಪೀಟ್, ಒಂದು ಪಾಲು ಎರೆಗೊಬ್ಬರ ಸೇರಿಸಿ.

ಗೆಳೆಯರ ಮನೆಯಿಂದ ತಂದ ಒಂದು ಕುಡಿಯಿಂದಲೂ ಗಿಡ ಮಾಡಬಹುದು. ಹೂ ಬಿಡದ ಕುಡಿಯನ್ನು ಗಿಣ್ಣಿನ ಕೆಳಗೆ ನಾಲ್ಕು ಇಂಚು ಉದ್ದಕ್ಕೆ ಕತ್ತರಿಸಿ. ಕೆಳಗಿನ ಎಲೆಗಳನ್ನೆಲ್ಲ ತೆಗೆದು, ಮೇಲೆ ನಾಲ್ಕು ಎಲೆ ಉಳಿಸಿ, ನೀರಿನ ಲೋಟದಲ್ಲಿ ನೆರಳಲ್ಲಿಡಿ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ಒಂದೆರಡು ವಾರದಲ್ಲಿ ಗಿಣ್ಣುಗಳಿಂದ ಬಿಳಿ ಬೇರು ಬರುತ್ತದೆ. ಬೇರು ಒಂದು ಇಂಚಾದಾಗಲೇ ಮಣ್ಣಿಗೆ ಹಾಕಿ, ನೀರಲ್ಲೇ ಉದ್ದ ಬಿಟ್ಟರೆ ಮಣ್ಣಿಗೆ ಹೊಂದಿಕೊಳ್ಳುವಾಗ ಸೊರಗುತ್ತದೆ. ನೆಟ್ಟು ಮೂರು ದಿನ ನೆರಳು, ಆಮೇಲೆ ಬೆಳಗಿನ ಮೂರು ನಾಲ್ಕು ಗಂಟೆ ಬಿಸಿಲು ಬೀಳುವ ಪೂರ್ವದ ಕಿಟಕಿ. ಪಶ್ಚಿಮದ ಕಿಟಕಿಯಷ್ಟೇ ಇರುವ ಮನೆಗಳಲ್ಲಿ ಮಾರ್ಚ್‌ನಿಂದ ಹಸಿರು ಬಲೆ ಕಟ್ಟಲೇಬೇಕು.

ನೀರಿಗೆ ವೇಳಾಪಟ್ಟಿ ಬೇಡ. ಬೆರಳನ್ನು ಮೊದಲ ಗಿಣ್ಣಿನವರೆಗೆ ಮಣ್ಣಿಗಿಳಿಸಿ, ಒಣಗಿದ್ದರೆ ಹಾಕಿ. ಗಿಡ ಆರು ಇಂಚಾದಾಗ ತುದಿ ಚಿವುಟಿ, ಅಲ್ಲಿಂದ ಎರಡೆರಡು ಕವಲು ಒಡೆಯುತ್ತವೆ. ಪಕ್ಕದ ಕುಂಡ ಸಂತೆಯ ಪುದೀನದ್ದಾದರೆ ದೂರವಿಡಿ, ಒಂದೇ ಕುಂಡದಲ್ಲಂತೂ ಬೇಡ. ಎರಡರ ಬೇರುಕಾಂಡಗಳೂ ಹೆಣೆದುಕೊಂಡು, ಆರು ತಿಂಗಳಲ್ಲಿ ಯಾವುದು ಯಾವುದೆಂದು ತಿಳಿಯದಾಗುತ್ತದೆ.

ಮಳೆಗಾಲದಲ್ಲಿ ಕುಂಡವನ್ನು ಗ್ರಿಲ್‌ನ ಹೊರ ಅಂಚಿನಿಂದ ಒಳಗೆಳೆದು, ಕೆಳಗಿನ ತಟ್ಟೆ ತೆಗೆದುಬಿಡಿ. ತಟ್ಟೆಯಲ್ಲಿ ನಿಂತ ನೀರಿನಿಂದ ಬೇರು ಕೊಳೆಯುತ್ತದೆ, ಡೆಂಗಿ ಸೊಳ್ಳೆಯೂ ಅದರಲ್ಲೇ ಮೊಟ್ಟೆಯಿಡುತ್ತದೆ. ಎಲೆ ಹಳದಿಯಾಗಿ, ಬುಡ ಕಪ್ಪಾಗಿ, ಎಳೆದರೆ ಸಲೀಸಾಗಿ ಕಿತ್ತುಬಂದರೆ ಕೊಳೆತಿದೆ ಎಂದರ್ಥ. ತುದಿಯ ಹಸಿರು ಕುಡಿಗಳನ್ನು ಕತ್ತರಿಸಿ ಮತ್ತೆ ನೀರಿಗೆ ಹಾಕುವುದೊಂದೇ ದಾರಿ. ಎಲೆಯಡಿಯಲ್ಲಿ ಕಿತ್ತಳೆ ಬಣ್ಣದ ಪುಡಿಯಂಥ ಚುಕ್ಕೆ ಕಂಡರೆ ಅದು ತುಕ್ಕು ರೋಗ. ಇಡೀ ಗಿಡವನ್ನು ಮಣ್ಣಿನ ಮಟ್ಟಕ್ಕೆ ಕೊಯ್ದು ಕಸಕ್ಕೆ ಹಾಕಿ, ಗೊಬ್ಬರದ ಡಬ್ಬಿಗಲ್ಲ. ಬೇಸಿಗೆಯಲ್ಲಿ ಎಲೆ ಮೇಲೆ ಸೂಜಿಮೊನೆಯಷ್ಟು ಬಿಳಿಚುಕ್ಕೆ ಮೂಡಿದರೆ ಕೆಳಗೆ ನುಸಿ ಇದೆ. ಮೂರು ದಿನಕ್ಕೊಮ್ಮೆ ಎಲೆಯ ಅಡಿಭಾಗಕ್ಕೆ ಜೋರಾಗಿ ನೀರು ಹೊಡೆದರೆ ಸಾಮಾನ್ಯವಾಗಿ ಹತೋಟಿಗೆ ಬರುತ್ತದೆ. ತಿನ್ನುವ ಎಲೆ ಇದು, ಕೀಟನಾಶಕ ಬೇಡ.

ವರ್ಷಕ್ಕೊಮ್ಮೆ ಕುಂಡ ಬೋರಲು ಹಾಕಿ, ಹಳೆಯ ಬೇರು ಬಿಡಿಸಿ, ಬಲವಾದ ತುಂಡುಗಳನ್ನಷ್ಟೇ ಹೊಸ ಮಣ್ಣಿಗೆ ಹಾಕಬೇಕು. ಇದನ್ನು ಮಾಡದವರೇ 'ಮೊದಲ ವರ್ಷ ಚೆನ್ನಾಗಿತ್ತು, ಆಮೇಲೆ ಕಡ್ಡಿಯಾಯಿತು' ಎನ್ನುವುದು.

ಕೊಯ್ಲು, ಒಣಗಿಸುವುದು

ಎಳೆ ಎಲೆಯಲ್ಲಿ ಮೆಂಥೋನ್ ಎಂಬ ಅಂಶ ಹೆಚ್ಚು, ಎಲೆ ಬಲಿತಂತೆ ಅದು ಮೆಂಥಾಲ್ ಆಗುತ್ತದೆ. ಹಾಗಾಗಿ ತುದಿಯ ಎಳೆ ಚಿಗುರಿಗಿಂತ ಬಲಿತ ಎಲೆಗೆ ತಂಪು ಜಾಸ್ತಿ. ಹೂಮೊಗ್ಗು ಮೂಡುವ ಮುನ್ನ, ಬೆಳಿಗ್ಗೆ ಎಲೆ ಮೇಲಿನ ನೀರಾರಿದ ಮೇಲೆ, ಬುಡದಲ್ಲಿ ಎರಡು ಗಿಣ್ಣು ಬಿಟ್ಟು ಕೊಯ್ಯಿರಿ.

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಒಣಗಿಸಲು ಸುಲಭ. ತೊಳೆದು, ಬಟ್ಟೆಯಲ್ಲಿ ಒತ್ತಿ ನೀರು ತೆಗೆದು, ಹತ್ತಿಬಟ್ಟೆಯ ಮೇಲೆ ಒಂದೇ ಪದರವಾಗಿ ಹರಡಿ, ಫ್ಯಾನಿನ ಗಾಳಿಗೆ ನೆರಳಲ್ಲಿ ನಾಲ್ಕೈದು ದಿನ ಬಿಡಿ. ಬಿಸಿಲಿಗೆ ಇಡಬಾರದು, ಎಣ್ಣೆಯ ಗ್ರಂಥಿಗಳು ಎಲೆಯ ಮೇಲ್ಮೈಯಲ್ಲೇ ಇರುವುದರಿಂದ ಬಿಸಿಗೆ ಘಮವೆಲ್ಲ ಹಾರಿಹೋಗುತ್ತದೆ. ಬೆರಳಲ್ಲಿ ಒತ್ತಿದರೆ ಸದ್ದು ಮಾಡಿ ಪುಡಿಯಾಗಬೇಕು, ಬಾಗಿದರೆ ಇನ್ನೂ ಒಂದು ದಿನ. ನೂರು ಗ್ರಾಂ ಹಸಿ ಎಲೆಗೆ ಸುಮಾರು 15ರಿಂದ 20 ಗ್ರಾಂ ಒಣ ಎಲೆ ಸಿಗುತ್ತದೆ. ಇಡಿಯಾಗಿಯೇ ಗಾಜಿನ ಬಾಟಲಿಗೆ ತುಂಬಿ ಕಪಾಟಿನ ಕತ್ತಲಲ್ಲಿಡಿ, ಬಳಸುವಾಗ ಮಾತ್ರ ಪುಡಿ ಮಾಡಿ.

ಮಳೆಗಾಲದಲ್ಲಿ ಒಣಗಿಸುವ ಪ್ರಯತ್ನವೇ ಬೇಡ. ಕೊಂಕಣದ ತೇವಕ್ಕೆ ಎಲೆ ಒಣಗುವ ಮೊದಲೇ ಕಪ್ಪಾಗಿ ಬೂಸ್ಟು ಹಿಡಿಯುತ್ತದೆ. ಎಲೆ ಹೆಚ್ಚಿ, ಐಸ್ ಟ್ರೇಯಲ್ಲಿ ನೀರಿನೊಂದಿಗೆ ಹೆಪ್ಪುಗಟ್ಟಿಸಿ. ಮಜ್ಜಿಗೆಗೂ ಚಹಾಕ್ಕೂ ಅದೇ ಆಗುತ್ತದೆ.

ಕಷಾಯ ಮತ್ತು ಚಹಾ

ವಯಸ್ಕರಿಗೆ ಒಂದು ಸಲಕ್ಕೆ 1.5ರಿಂದ 3 ಗ್ರಾಂ ಒಣ ಎಲೆ, 150 ಮಿಲಿ ಕುದಿನೀರು, ದಿನಕ್ಕೆ ಮೂರು ಸಲದವರೆಗೆ. ಹಸಿಯಾದರೆ ಹತ್ತು ಹನ್ನೆರಡು ಬಲಿತ ಎಲೆ. ನೀರು ಕುದಿಸಿ, ಒಲೆ ಆರಿಸಿ, ಎಲೆ ಹಾಕಿ, ತಕ್ಷಣ ತಟ್ಟೆ ಮುಚ್ಚಿ ಐದರಿಂದ ಹತ್ತು ನಿಮಿಷ ಬಿಡಿ. ಮುಚ್ಚುವುದೇ ಇಲ್ಲಿ ಮುಖ್ಯ ಕೆಲಸ. ಮೆಂಥಾಲ್ ಆವಿಯೊಡನೆ ಏರುತ್ತದೆ, ತಟ್ಟೆಯಡಿಯ ಹನಿಗಳಲ್ಲಿ ಅದೇ ಇರುತ್ತದೆ, ಆ ಹನಿಗಳನ್ನೂ ಲೋಟಕ್ಕೇ ಒದರಿ. ಎಲೆ ಹಾಕಿ ಗಳಗಳ ಕುದಿಸಿದರೆ ಅಡುಗೆಮನೆಯೆಲ್ಲ ಘಮಘಮ, ಲೋಟದಲ್ಲಿ ಬರೀ ಕಹಿ.

ಊಟವಾಗಿ ಹೊಟ್ಟೆ ಉಬ್ಬರಿಸಿ ಬಿಗಿದಂತಿರುವಾಗ ಇದು ಹಿತ. ಆದರೆ ಊಟದ ಜೊತೆಗೇ ಕುಡಿಯಬೇಡಿ. ಸೊಪ್ಪು, ಬೇಳೆಗಳಲ್ಲಿರುವ ಕಬ್ಬಿಣಾಂಶ ದೇಹಕ್ಕೆ ಸೇರುವುದನ್ನು ಪೆಪ್ಪರ್‌ಮಿಂಟ್ ಕಷಾಯವೂ ಚಹಾದಷ್ಟೇ ಬಲವಾಗಿ ತಡೆಯುತ್ತದೆ. ರಕ್ತಹೀನತೆಗೆ ಮಾತ್ರೆ ನುಂಗುತ್ತಿರುವ ಹೆಣ್ಣುಮಕ್ಕಳು ಇದನ್ನು ವಿಶೇಷವಾಗಿ ಗಮನಿಸಬೇಕು, ಒಂದೆರಡು ಗಂಟೆಯ ಅಂತರವಿರಲಿ.

ಎದೆಯುರಿ, ಹುಳಿತೇಗು ಇರುವವರಿಗೆ ಕಷಾಯವೂ ಬೇಡ. ಪೆಪ್ಪರ್‌ಮಿಂಟ್ ಸ್ನಾಯುಗಳನ್ನು ಸಡಿಲಿಸುತ್ತದೆ, ಅನ್ನನಾಳ ಮತ್ತು ಜಠರದ ನಡುವಿನ ಬಾಗಿಲನ್ನೂ ಬಿಡುವುದಿಲ್ಲ. ರಾತ್ರಿಯ ಲೋಕಲ್ ಹಿಡಿದು ಮನೆ ಸೇರಿ ಹತ್ತೂವರೆಗೆ ಉಂಡು, ಕಷಾಯ ಕುಡಿದು ಮಲಗಿದರೆ ಆಮ್ಲ ಗಂಟಲಿಗೇ ಬರುತ್ತದೆ.

ಹಾಲಿನ ಚಹಾಕ್ಕೆ ಹಾಕುವುದಾದರೆ ಮುಂಬೈಯ ಗವತಿ ಚಹಾದ ಹದ ಒಳ್ಳೆಯದು. ಎರಡು ಲೋಟಕ್ಕೆ ಮಜ್ಜಿಗೆಹುಲ್ಲಿನ ಎರಡು ಗರಿ, ಜಜ್ಜಿದ ಶುಂಠಿ ಕುದಿಸಿ, ಪುಡಿ, ಹಾಲು ಹಾಕಿ ಮುಗಿಸಿ. ಒಲೆ ಆರಿಸಿದ ಮೇಲೆ ನಾಲ್ಕೇ ಪೆಪ್ಪರ್‌ಮಿಂಟ್ ಎಲೆ ಹರಿದು ಹಾಕಿ, ಎರಡು ನಿಮಿಷ ಮುಚ್ಚಿ ಸೋಸಿ. ಸಂತೆಯ ಪುದೀನದ ಲೆಕ್ಕದಲ್ಲಿ ಹಿಡಿ ಹಾಕಿದರೆ ಔಷಧಿ ಕುಡಿದ ಹಾಗಾಗುತ್ತದೆ.

ಚಟ್ನಿ, ಮಜ್ಜಿಗೆ

ಸ್ಯಾಂಡ್‌ವಿಚ್ ಚಟ್ನಿಗೆ ಒಂದು ಕಪ್ ಕೊತ್ತಂಬರಿ, ಕಾಲು ಕಪ್ ಪೆಪ್ಪರ್‌ಮಿಂಟ್ ಎಲೆ, ಎರಡು ಹಸಿಮೆಣಸು, ಒಂದು ದೊಡ್ಡ ಚಮಚ ಹುರಿಗಡಲೆ, ಅರ್ಧ ಟೀ ಚಮಚ ಜೀರಿಗೆ, ಉಪ್ಪು, ಒಂದು ದೊಡ್ಡ ಚಮಚ ನಿಂಬೆರಸ, ಮೂರು ಚಮಚ ಐಸ್ ನೀರು. ಚಟ್ನಿ ಕಪ್ಪಾಗುವುದು ಎಲೆಯೊಳಗಿನ ಕಿಣ್ವ ಗಾಳಿಯೊಡನೆ ಸೇರುವುದರಿಂದ, ಮಿಕ್ಸರ್‌ನ ಬಿಸಿ ಅದನ್ನು ಚುರುಕುಗೊಳಿಸುತ್ತದೆ. ನಿಂಬೆ ಮತ್ತು ಐಸ್ ನೀರನ್ನು ಮೊದಲೇ ಹಾಕಿ, ನಿಲ್ಲಿಸಿ ನಿಲ್ಲಿಸಿ ರುಬ್ಬಿದರೆ ಹಸಿರು ನಿಲ್ಲುತ್ತದೆ. ಮಜ್ಜಿಗೆಗೆ ಲೋಟಕ್ಕೆ ಮೂರು ಎಲೆ ಸಾಕು. ತಂಬುಳಿಗೆ ಪೆಪ್ಪರ್‌ಮಿಂಟ್ ಹೊಂದುವುದಿಲ್ಲ, ತೆಂಗಿನ ರುಚಿಯನ್ನೇ ಮುಚ್ಚಿಬಿಡುತ್ತದೆ.

ವಡಾಪಾವ್‌ನ ಬೆಳ್ಳುಳ್ಳಿ ಚಟ್ನಿ ತಿಂದ ಮೇಲೆ ನಾಲ್ಕು ಹಸಿ ಎಲೆ ಅಗಿದರೆ ಬಾಯಿವಾಸನೆ ನಿಜಕ್ಕೂ ಇಳಿಯುತ್ತದೆ. ಬೆಳ್ಳುಳ್ಳಿಯ ಗಂಧಕದ ಅಂಶಗಳನ್ನು ಹಸಿ ಪುದೀನ ಕುಗ್ಗಿಸುತ್ತದೆ, ಬರೀ ಮುಚ್ಚಿಡುವುದಲ್ಲ. ದಿನವೂ ಇರುವ ವಾಸನೆಗೆ ಮಾತ್ರ ದಂತವೈದ್ಯರನ್ನೇ ಕಾಣಬೇಕು.

ಕರುಳಿಗೆ: ಇಲ್ಲಿ ಎಣ್ಣೆಯ ಕ್ಯಾಪ್ಸೂಲ್‌ಗೇ ಬಲ

ಪೆಪ್ಪರ್‌ಮಿಂಟ್‌ನ ಗುಣಗಳ ಪೈಕಿ ಅತಿ ಹೆಚ್ಚು ಪರೀಕ್ಷೆಗೆ ನಿಂತದ್ದು ಇದು. ಐಬಿಎಸ್ ಎಂದು ವೈದ್ಯರು ಹೇಳುವ, ಹೊಟ್ಟೆ ಹಿಂಡುತ್ತ ಒಮ್ಮೆ ಭೇದಿ ಒಮ್ಮೆ ಮಲಬದ್ಧತೆ ಮಾಡುವ ತೊಂದರೆಯಲ್ಲಿ, ಮೆಂಥಾಲ್ ಕರುಳಿನ ಸ್ನಾಯುವಿಗೆ ಕ್ಯಾಲ್ಸಿಯಂ ನುಗ್ಗುವುದನ್ನು ತಡೆದು ಹಿಡಿತ ಸಡಿಲಿಸುತ್ತದೆ. ಅಮೆರಿಕದ ಜಠರ-ಕರುಳು ತಜ್ಞರ ಕಾಲೇಜಿನ 2021ರ ಮಾರ್ಗಸೂಚಿಯೂ ಇದನ್ನು ಸೂಚಿಸುತ್ತದೆ.

ಬೇಕಾಗಿರುವುದು ಜಠರದಲ್ಲಿ ಕರಗದೆ ಕರುಳಿನಲ್ಲಿ ಕರಗುವ ಲೇಪನವಿರುವ ಕ್ಯಾಪ್ಸೂಲ್. ಸಾಮಾನ್ಯವಾಗಿ ಒಂದರಲ್ಲಿ 0.2 ಮಿಲಿ ಎಣ್ಣೆ, ದಿನಕ್ಕೆ ಮೂರು ಸಲ, ಊಟಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು. ಅಗಿಯಬಾರದು, ಒಡೆದು ಹನಿ ಹಿಂಡಬಾರದು. ಆಂಟಾಸಿಡ್ ಜೊತೆ ತೆಗೆದುಕೊಂಡರೆ ಲೇಪನ ಜಠರದಲ್ಲೇ ಬಿಚ್ಚಿಕೊಂಡು ಎದೆಯುರಿ ತರುತ್ತದೆ. ಎರಡರಿಂದ ನಾಲ್ಕು ವಾರದಲ್ಲಿ ಗುಣ ಕಾಣದಿದ್ದರೆ ನಿಲ್ಲಿಸಿ. ಬಾಟಲಿಯ ಎಣ್ಣೆಯನ್ನು ನೀರಿಗೆ ಹಾಕಿ ಕುಡಿಯುವುದು ಇದಕ್ಕೆ ಬದಲಿಯಾಗದು.

ಪಿತ್ತಕೋಶದ ಕಲ್ಲು ಇರುವವರು, ಗರ್ಭಿಣಿಯರು, ಮೂತ್ರಪಿಂಡ ಕಸಿಯಾಗಿ ಸೈಕ್ಲೋಸ್ಪೊರಿನ್ ಸೇವಿಸುವವರು ವೈದ್ಯರನ್ನು ಕೇಳದೆ ಆರಂಭಿಸಬಾರದು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ನಿದ್ದೆಯಿಂದ ಎಬ್ಬಿಸುವ ನೋವು, ಐವತ್ತರ ಮೇಲೆ ಮೊದಲ ಸಲ ಬಂದ ತೊಂದರೆ: ಇವುಗಳಲ್ಲಿ ಒಂದಿದ್ದರೂ ಮೊದಲು ತಪಾಸಣೆ.

ತಲೆನೋವು, ಶೀತ

ತಲೆಗೆ ಪಟ್ಟಿ ಕಟ್ಟಿ ಬಿಗಿದಂಥ ನೋವಿಗೆ ಹಣೆಗೂ ಕಣ್ಣು-ಕಿವಿಗಳ ನಡುವಿನ ಕಣತಲೆಗೂ ಹಚ್ಚುವ ಶೇ. 10ರ ಪೆಪ್ಪರ್‌ಮಿಂಟ್ ದ್ರಾವಣ ಜರ್ಮನಿಯಲ್ಲಿ ಔಷಧಿಯಾಗಿಯೇ ಬಳಕೆಯಲ್ಲಿದೆ. 1996ರಲ್ಲಿ ಪ್ರಕಟವಾದ ಅಲ್ಲಿನ ಪರೀಕ್ಷೆಯಲ್ಲಿ ಇದರ ಫಲ 1000 ಮಿಗ್ರಾಂ ಪ್ಯಾರಾಸಿಟಮಾಲ್‌ಗೆ ಸಾಟಿಯಾಗಿತ್ತು. ಮನೆಯಲ್ಲಿ ಅಷ್ಟು ಗಟ್ಟಿ ಮಾಡಬೇಡಿ. 10 ಮಿಲಿ ಕೊಬ್ಬರಿ ಎಣ್ಣೆಗೆ 6 ಹನಿ ಪೆಪ್ಪರ್‌ಮಿಂಟ್ ಎಣ್ಣೆ ಬೆರೆಸಿದರೆ ಸುಮಾರು ಶೇ. 3 ಆಗುತ್ತದೆ. ಮೊದಲ ಸಲ ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ಕಾಯಿರಿ. ಕೆಂಪಾಗದಿದ್ದರೆ ಹಣೆಗೆ ತೆಳುವಾಗಿ ಹಚ್ಚಿ, ಕಣ್ಣಿನಿಂದ ದೂರವಿಟ್ಟು, ಕೈ ಸೋಪಿನಲ್ಲಿ ತೊಳೆಯಿರಿ. ಸಿಡಿಲು ಬಡಿದಂತೆ ಒಮ್ಮೆಲೇ ಬಂದ ನೋವು, ಜ್ವರದ ಜೊತೆ ಕುತ್ತಿಗೆ ಸೆಟೆತ, ಕೈಕಾಲು ಸೋಲು ಇದ್ದರೆ ಎಣ್ಣೆ ಹುಡುಕುತ್ತ ಹೊತ್ತು ಕಳೆಯಬೇಡಿ, ಆಸ್ಪತ್ರೆಗೆ ಹೊರಡಿ.

ಕಟ್ಟಿದ ಮೂಗು ಮೆಂಥಾಲ್‌ನಿಂದ ತೆರೆಯುವುದಿಲ್ಲ, ತೆರೆದಂತೆ ಅನ್ನಿಸುತ್ತದೆ. ನರತುದಿಯಲ್ಲಿ ತಂಪನ್ನು ಗ್ರಹಿಸುವ ಟಿಆರ್‌ಪಿಎಂ8 ಎಂಬ ಗ್ರಾಹಿಯನ್ನು ಅದು ತಟ್ಟುತ್ತದೆ, ಮಿದುಳು ತಂಪು ಗಾಳಿ ಬಂತೆಂದು ತಿಳಿಯುತ್ತದೆ. ಈ ಗ್ರಾಹಿಯನ್ನು ಕಂಡುಕೊಂಡ ತಂಡಗಳನ್ನು ನಡೆಸಿದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ ತಾಪ, ಸ್ಪರ್ಶಗಳ ಗ್ರಾಹಿಗಳ ಶೋಧಕ್ಕಾಗಿ 2021ರ ನೊಬೆಲ್ ಬಂತು. ಹಾಗೆಂದು ಆ ಹಿತವೇನೂ ಕಡಿಮೆಯದಲ್ಲ, ರಾತ್ರಿ ನಿದ್ದೆ ಬರಿಸಿದರೆ ಅಷ್ಟೇ ಸಾಕು. ಕುದಿನೀರಿನ ಪಾತ್ರೆಯ ಮೇಲೆ ಹೊದಿಕೆ ಹೊದ್ದು ಕೂರುವುದರಿಂದ ಸುಟ್ಟ ಗಾಯಗಳಾಗುತ್ತವೆ, ಅದಕ್ಕಿಂತ ಮುಚ್ಚಿಟ್ಟ ಕಷಾಯದ ಲೋಟದ ಆವಿ ಎಳೆದುಕೊಳ್ಳುವುದು ಕ್ಷೇಮ.

ಎಣ್ಣೆ ಕೊಳ್ಳುವಾಗ, ಮನೆಯಲ್ಲಿ ಇಡುವಾಗ

ಲೇಬಲ್‌ನಲ್ಲಿ ಮೆಂಥಾ ಪೈಪರೀಟಾ ಎಂಬ ಹೆಸರಿರಬೇಕು. ಮೆಂಥಾ ಆರ್ವೆನ್ಸಿಸ್ ಎಂದಿದ್ದರೆ, ಬರೀ 'ಪುದೀನಾ ಆಯಿಲ್' ಎಂದಿದ್ದರೆ, ಅದು ನೆಲ ಒರೆಸಲು ಸಾಕು, ಮೈಗೆ ಬೇಡ. ಕಡುಬಣ್ಣದ ಗಾಜಿನ ಬಾಟಲಿಯದ್ದೇ ಕೊಳ್ಳಿ. ಇರುವೆ ಸಾಲಿಗೆ 200 ಮಿಲಿ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ದ್ರವ, 10 ಹನಿ ಎಣ್ಣೆ ಹಾಕಿ ಕುಲುಕಿ ಒರೆಸಿ. ಸೋಪು ಇಲ್ಲದಿದ್ದರೆ ಎಣ್ಣೆ ನೀರಿನ ಮೇಲೆಯೇ ತೇಲುತ್ತದೆ. ಸಾಲು ಅಳಿಸಿ ಇರುವೆ ಕೆಲಹೊತ್ತು ದಾರಿ ತಪ್ಪುತ್ತದೆ, ಗೂಡು ಹೋಗುವುದಿಲ್ಲ. ಜಿರಳೆ, ಇಲಿಗಳಿಗೆ ಇದನ್ನು ನಂಬಬೇಡಿ. ಬೆಕ್ಕು ಸಾಕಿದ ಮನೆಯಲ್ಲಿ ಸಿಂಪಡಿಸುವುದು, ಘಮ ಹರಡುವ ಡಿಫ್ಯೂಸರ್ ಹಚ್ಚುವುದು ಎರಡೂ ಬೇಡ, ಬೆಕ್ಕಿನ ಯಕೃತ್ತು ಇಂಥ ಎಣ್ಣೆಗಳನ್ನು ಸರಿಯಾಗಿ ಹೊರಹಾಕಲಾರದು.

ಎರಡು ವರ್ಷದೊಳಗಿನ ಮಗುವಿನ ಮೂಗು, ಎದೆ, ದಿಂಬು ಯಾವುದಕ್ಕೂ ಪೆಪ್ಪರ್‌ಮಿಂಟ್ ಎಣ್ಣೆಯಾಗಲಿ ಮೆಂಥಾಲ್ ಮುಲಾಮಾಗಲಿ ಹಚ್ಚಬಾರದು. ಮೆಂಥಾಲ್ ತಾಕಿ ಗಂಟಲ ಸ್ನಾಯು ಸೆಟೆದು ಉಸಿರೇ ನಿಲ್ಲಬಹುದು. ಕಷಾಯವೂ ನಾಲ್ಕು ವರ್ಷದವರೆಗೆ ಬೇಡ. ಬಾಟಲಿಯನ್ನು ದೇವರ ಗೂಡಿನಲ್ಲೋ ಹಾಸಿಗೆ ಪಕ್ಕದಲ್ಲೋ ಇಡದೆ, ಮಗುವಿನ ಕೈಗೆಟುಕದ, ಚಿಲಕವಿರುವ ಕಪಾಟಿನಲ್ಲಿಡಿ. ಮಗು ಎಣ್ಣೆ ನುಂಗಿತೆಂದು ಗೊತ್ತಾದರೆ ವಾಂತಿ ಮಾಡಿಸಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಕಣ್ಣಿಗೆ ಬಿದ್ದಿದ್ದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ. ಮಹಾರಾಷ್ಟ್ರದಲ್ಲೂ ಗೋವಾದಲ್ಲೂ ಆಂಬುಲೆನ್ಸ್ ಸಂಖ್ಯೆ 108. ಹೊರಡುವಾಗ ಬಾಟಲಿಯನ್ನು ಜೊತೆಗೇ ಒಯ್ಯಿರಿ, ಎಷ್ಟು ಖಾಲಿಯಾಗಿದೆ ಎಂದು ವೈದ್ಯರು ನೋಡಬೇಕಾಗುತ್ತದೆ.